ಸಹಾಯ ಬೇಕು: ಅವತಾರ್ ತೂಕವಿಲ್ಲದ ಹಾಗೆ ತೇಲಬೇಕು
ನಮಸ್ಕಾರ, ವಿಜಯಪುರದಿಂದ ಬರೀತಿದ್ದೇನೆ. ಸೆಕೆಂಡ್ ಲೈಫ್ ಅನ್ನೋ ಆನ್‌ಲೈನ್ ವರ್ಚುವಲ್ ಲೋಕದಲ್ಲಿ ಪುಟ್ಟ ಬಾಹ್ಯಾಕಾಶ ನಿಲ್ದಾಣ ಕಟ್ಟಿದ್ದೇನೆ, ತೂಕವೇ ಇಲ್ಲದೆ ತೇಲೋದು ಹೇಗಿರುತ್ತೆ ಅಂತ ಅಣ್ಣನ ಮಗಳಿಗೆ ತೋರಿಸಬೇಕು. ಸುಮ್ನೆ ಹಾರೋದಲ್ಲ, ಅದು ಬೇರೆ ಅಲ್ವಾ. ಅವತಾರ್‌ನ (ಆ ಲೋಕದಲ್ಲಿ ನಮ್ಮ ಪರವಾಗಿ ಓಡಾಡೋ ಗೊಂಬೆ) ಸೊಂಟದ ಬೆಲ್ಟಿನಲ್ಲಿ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಇಟ್ಟು, ಎಲ್ಎಲ್‌ಗೆಟ್‌ಮಾಸ್ ಅನ್ನೋ ಫಂಕ್ಷನ್ ಕೊಟ್ಟ ಮಾಸ್ (ದ್ರವ್ಯರಾಶಿ) ಅನ್ನು ಗುರುತ್ವದ 9.8ರಿಂದ ಗುಣಿಸಿ, ಅಷ್ಟೇ ಬಲವನ್ನು ಎಲ್ಎಲ್‌ಸೆಟ್‌ಫೋರ್ಸ್ ಫಂಕ್ಷನ್‌ನಿಂದ ಮೇಲಕ್ಕೆ ಕೊಟ್ಟೆ. ಜಿಗಿದರೆ ಚೆನ್ನಾಗಿ ತೇಲುತ್ತೆ, ನೋಡೋಕೆ ಖುಷಿ. ಆದರೆ ಅವಳು ಅವತಾರ್‌ನ ಎತ್ತರ ಜಾಸ್ತಿ ಮಾಡಿದರೆ ಮಾಸೂ ಜಾಸ್ತಿಯಾಗಿ, ಹಳೆ ಬಲ ಸಾಲದೆ ಮೆಲ್ಲಗೆ ಇಳಿಯುತ್ತೆ. "ಕಾಕಾ, ಮತ್ತ ಕೆಳಗ ಬಂತು" ಅಂತಾಳೆ. ಈ ಬದಲಾವಣೆ ಆದ ಕೂಡಲೇ ಸ್ಕ್ರಿಪ್ಟ್‌ಗೆ ತಿಳಿಸೋ ಇವೆಂಟ್ ಇದೆಯಾ, ಇಲ್ಲ ಟೈಮರ್ ಇಟ್ಟು ಮತ್ತೆ ಮತ್ತೆ ಲೆಕ್ಕ ಹಾಕಬೇಕಾ? ತೇಲುವಾಗ ಬೀಳೋ ಅನಿಮೇಷನ್ ಶುರುವಾಗಿ ಕೈ ಬಡಿಯೋದನ್ನೂ ನಿಲ್ಲಿಸಬೇಕು. ಭಾನುವಾರ ಅವಳ ಗೆಳತಿಯರೂ ಬರ್ತಾರೆ, ಗೊತ್ತಿದ್ದವರು ಅಷ್ಟರೊಳಗೆ ದಯವಿಟ್ಟು ಹೇಳಿ.