ಎಂ81 ಅನುಪಾತದ ನಕ್ಷೆಯಲ್ಲಿ ತೋಳುಗಳೇ ಕಾಣುತ್ತಿಲ್ಲ, ಸಹಾಯ ಬೇಕು

ಧೂಳುಮೋಡ: ನೋಡಿ ನೋಡಿ ಸಾಕಾಗಿದೆ. ಎಂ81 ಗ್ಯಾಲಕ್ಸಿಯನ್ನು ಹರ್ಷೆಲ್ ಬಾಹ್ಯಾಕಾಶ ದೂರದರ್ಶಕ ಅವಕೆಂಪಿನಲ್ಲಿ ತೆಗೆದ ಚಿತ್ರಗಳನ್ನು ಇಳಿಸಿಕೊಂಡು, ಎರಡು ತರಂಗಾಂತರಗಳಲ್ಲಿ ಚಿಕ್ಕದರ ಚಿತ್ರವನ್ನು ದೊಡ್ಡದರಿಂದ ಭಾಗಿಸಿದೆ; ಅನುಪಾತ ಹೆಚ್ಚಿದ್ದಲ್ಲಿ ಧೂಳು ಬೆಚ್ಚಗೆ ಅಂತ ಲೆಕ್ಕ. ಧೂಳನ್ನು ಬಿಸಿ ಮಾಡುವುದು ಹೊಸ ನಕ್ಷತ್ರಗಳು ತಾನೇ? ಹಾಗಾದರೆ ಸುರುಳಿ ತೋಳುಗಳು ಬೆಚ್ಚಗಿರಬೇಕಲ್ವಾ? ಇಲ್ಲಿ ನಡುಭಾಗ ಬೆಚ್ಚಗಿದೆ, ಹೊರಕ್ಕೆ ಹೋದಂತೆ ತಣ್ಣಗಾಗುತ್ತದೆ. ತೋಳಿನ ಗುರುತೇ ಇಲ್ಲ.

ಪಿಕ್ಸೆಲ್‌ಪ್ರಿಯ: ಯಾವ ತರಂಗಾಂತರ ಅಂತಲೇ ಹೇಳಿಲ್ಲವಲ್ಲ! ರೆಸಲ್ಯೂಶನ್ ಸಮ ಮಾಡಿದ್ದೀರಾ? 250 ಮೈಕ್ರಾನ್‌ನಲ್ಲಿ ಅದು ಸುಮಾರು 18 ಆರ್ಕ್‌ಸೆಕೆಂಡ್ (ಆಕಾಶದಲ್ಲಿ ಕೋನದ ಅಳತೆ), 350ರಲ್ಲಿ 25. ಹಾಗೇ ಭಾಗಿಸಿದರೆ ಕಸ ಬರುತ್ತದೆ.

ಧೂಳುಮೋಡ: 250/350. ಎರಡನ್ನೂ 25ಕ್ಕೆ ತಂದಿದ್ದೇನೆ.

ಪಿಕ್ಸೆಲ್‌ಪ್ರಿಯ: ಒಂದು ಚಿತ್ರವನ್ನು ಇನ್ನೊಂದರಷ್ಟೇ ಮಸುಕು ಮಾಡಲು ಬಳಸಿದ ಕರ್ನೆಲ್ (ಮಸುಕಿನ ಆಕಾರ) ಯಾವುದು? ಬರೀ ಗಾಸಿಯನ್ (ಗಂಟೆಯಾಕಾರದ್ದು) ಸಾಲದು. ಸಮಸ್ಯೆ ಅಲ್ಲೇ ಇದೆ.

ರೋಹಿಣಿನೋಟ: ಕರ್ನೆಲ್ ಬಿಡಿ ಸರ್. ಅದು ತಪ್ಪಿದ್ದರೆ ಹೊಳೆಯುವ ಚುಕ್ಕೆಗಳ ಸುತ್ತ ಉಂಗುರ ಬರುತ್ತಿತ್ತು. ಗ್ಯಾಲಕ್ಸಿಯ ಇಡೀ ತಟ್ಟೆಯಲ್ಲಿ ಇಂಥ ನುಣ್ಣನೆಯ ಇಳಿಜಾರು ಬರಲ್ಲ. ಧೂಳುಮೋಡ ಅವರೇ, ನಿಮ್ಮ ನಕ್ಷೆ ಸರಿಯಾಗಿಯೇ ಇದೆ. 250 ಮತ್ತು ಅದರಾಚೆ ಕಾಣುವುದು ತಟ್ಟೆಯ ತುಂಬಾ ಹರಡಿದ ತಣ್ಣನೆಯ ಧೂಳು, ಸುಮಾರು 15ರಿಂದ 30 ಕೆಲ್ವಿನ್. ಎಂ81ರಲ್ಲಿ ಅದಕ್ಕೆ ಬಿಸಿ ಕೊಡುವುದು ಮುಖ್ಯವಾಗಿ ಹಳೆಯ ನಕ್ಷತ್ರಗಳ ಬೆಳಕು. ನಡು ಉಬ್ಬಿನಲ್ಲಿ ಅವು ಕಿಕ್ಕಿರಿದಿವೆ, ಹೊರಗೆ ವಿರಳ. ನಿಮ್ಮ ಇಳಿಜಾರು ಅದೇ. ಹೊಸ ನಕ್ಷತ್ರಗಳ ಅತಿನೇರಳೆ ಬೆಳಕು ಹೆಚ್ಚಾಗಿ ಪಕ್ಕದ ಮೋಡದ ಧೂಳಿಗೇ ತಾಗುತ್ತದೆ. ಆ ಬಿಸಿ ಧೂಳು 24, 70 ಮೈಕ್ರಾನ್‌ನಲ್ಲಿ ಹೊಳೆಯುತ್ತದೆ. 70/160 ಮಾಡಿ ನೋಡಿ, ತೋಳುಗಳು ಬರುತ್ತವೆ. 250/350 ನಕ್ಷೆಯನ್ನು ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ 3.6 ಮೈಕ್ರಾನ್ ಚಿತ್ರದ ಪಕ್ಕ ಇಡಿ. ಅದರಲ್ಲಿ ಕಾಣುವುದು ಹಳೆಯ ನಕ್ಷತ್ರಗಳೇ.

ಕೆಂಪುಗಂಟು: ಹೊಸ ನಕ್ಷತ್ರ ಹುಡುಕಲು 24 ಯಾಕೆ? ಎಚ್-ಆಲ್ಫಾ (ಹೊಸ ನಕ್ಷತ್ರಗಳ ಸುತ್ತ ಹೈಡ್ರೋಜನ್ ಸೂಸುವ ಕೆಂಪು ಬೆಳಕು) ಸಾಕು. ನನ್ನ 80 ಮಿ.ಮೀ. ರಿಫ್ರಾಕ್ಟರ್ ಟೆಲಿಸ್ಕೋಪಿಗೆ 7 ನ್ಯಾನೋಮೀಟರ್ ಫಿಲ್ಟರ್ ಹಾಕಿದರೆ ಎಂ81ರ ತೋಳಿನ ಗಂಟುಗಳು ಬರುತ್ತವೆ.

ರೋಹಿಣಿನೋಟ: ಎಚ್-ಆಲ್ಫಾ ಬೆಳಕನ್ನು ಧೂಳೇ ನುಂಗುತ್ತದೆ. ಅದಕ್ಕೇ 24ನ್ನೂ ಕೂಡಿಸಿ ಲೆಕ್ಕ ಹಾಕುವುದು.

ಕೆಂಪುಗಂಟು: ಎಂ81ರಲ್ಲಿ ಅಷ್ಟೇನೂ ನುಂಗಲ್ಲ.

ಪಿಕ್ಸೆಲ್‌ಪ್ರಿಯ: ಆದರೂ ಕರ್ನೆಲ್ ಯಾವುದು ಅಂತ ಇನ್ನೂ ಹೇಳಿಲ್ಲ.

ಧೂಳುಮೋಡ: 70/160ರಲ್ಲಿ ತೋಳುಗಳು ಬಂದವು! ಗಂಟು ಗಂಟಾಗಿ, ಸ್ಪಷ್ಟವಾಗಿ. 3.6ರ ಜೊತೆ 250/350 ಕೂಡ ಚೆನ್ನಾಗಿ ಹೊಂದುತ್ತದೆ. ರೋಹಿಣಿನೋಟ ಅವರಿಗೆ ತುಂಬಾ ಥ್ಯಾಂಕ್ಸ್. ಈಗ ಹೊರ ಅಂಚಿನ ತೊಂದರೆ. ಅಲ್ಲಿ ಅನುಪಾತ ಏರಿಳಿಯುತ್ತಿದೆ. ಎಂ81ರ ಮುಂದೆ ನಮ್ಮ ಕ್ಷೀರಪಥದ ಧೂಳಿನ ಎಳೆಗಳೂ ಇವೆಯಲ್ಲ, ಅದನ್ನು ಹೇಗೆ ಕಳೆಯುತ್ತೀರಿ?

ಕೆಂಪುಗಂಟು: ಆ ಎಳೆಗಳು ನನ್ನ ಚಿತ್ರದಲ್ಲೂ ಬಂದಿವೆ, ಫಿಲ್ಟರ್ ಇಲ್ಲದೆ ಉದ್ದ ಎಕ್ಸ್‌ಪೋಶರ್ ಕೊಟ್ಟಾಗ.

ಪಿಕ್ಸೆಲ್‌ಪ್ರಿಯ: ಹೌದಾ? ಟೆಲಿಸ್ಕೋಪಿನ ಮೌಂಟ್ ಯಾವುದು?