ಬೆಂಗಳೂರಿನಲ್ಲಿ ರಿಪೇರಿಯಾದ ಡಕೋಟಾ ವಿಮಾನ ಹೊರದೇಶದ ಮ್ಯೂಸಿಯಂಗೆ ಹೋಗುತ್ತಿದೆ, ಒಳಗಿನ ಕನ್ನಡ ಬರಹ ಉಳಿಸುವುದು ಹೇಗೆ?

ವಿಮಾನಪುರದ ಮಗಳು:
ನಮಸ್ಕಾರ. ನಮ್ಮಪ್ಪ 1954ರಲ್ಲಿ ಎಚ್‌ಎಎಲ್ ಸೇರಿದರು. ರಿವೆಟ್ ಹೊಡೆಯುವ ಕೆಲಸ. ಓವರ್‌ಹಾಲ್‌ಗೆ ಬರುತ್ತಿದ್ದ ಡಕೋಟಾಗಳೇ ಅವರ ಪ್ರಪಂಚ. ಸಂಜೆ ಸೈಕಲ್ ನಿಲ್ಲಿಸಿ ಒಳಗೆ ಬಂದರೆ ಒಂದು ಗಂಟೆ ನಮ್ಮ ಮಾತು ಅವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ, ಅಷ್ಟು ಸದ್ದು.

ಬಹಳ ವರ್ಷದಿಂದ ಬಯಲಲ್ಲಿ ನಿಂತಿದ್ದ ಒಂದು ಡಕೋಟಾವನ್ನು ಈಗ ಹೊರದೇಶದ ಮ್ಯೂಸಿಯಂ ಕೊಂಡಿದೆ. ಬಿಚ್ಚಿ ಹಡಗಿಗೆ ಹಾಕುವ ತಂಡದಲ್ಲಿ ನಮ್ಮಕ್ಕನ ಮಗ ಇದ್ದಾನೆ. ಹೋದ ವಾರ ಅವನ ಜೊತೆ ಹೋಗಿ ನೋಡಿದೆ. ಸರಕಿನ ಬಾಗಿಲ ಹತ್ತಿರ, ಒಳಗಿನ ಹಸಿರು ಪ್ರೈಮರ್ (ತುಕ್ಕು ತಡೆಯುವ ಅಡಿಬಣ್ಣ) ಮೇಲೆ, ಪೆನ್ಸಿಲ್‌ನಲ್ಲಿ ಅಳತೆ ಬರೆದಿದೆ. ಕನ್ನಡ ಅಂಕಿಯಲ್ಲಿ! ೬, ೧೪, ಪಕ್ಕದಲ್ಲಿ 'ಎಡ' ಅಂತ. ಅಪ್ಪನ ಕೈಯೇ ಇರಬಹುದಾ ಅಂತ ಅಲ್ಲೇ ನಿಂತುಬಿಟ್ಟೆ.

ಮ್ಯೂಸಿಯಂನವರು ಬಣ್ಣ ಎಲ್ಲ ತೆಗೆದು ಯುದ್ಧಕಾಲದ ಅಮೆರಿಕದ ಬಣ್ಣ ಹೊಡೆಸುತ್ತಾರಂತೆ. ಆ ಬರಹ ಬಿಡಿ ಅಂತ ಕೇಳಬಹುದಾ? ಸಮುದ್ರದ ಗಾಳಿಗೆ ಹಾಳಾಗುವುದಿಲ್ವಾ?

ಹಳೇ ಫಿಟ್ಟರ್:
ಕೇಳಬಹುದು ಅಲ್ಲಮ್ಮ, ಕೇಳಲೇಬೇಕು. ಬಾಯಿಮಾತಲ್ಲಿ ಬೇಡ, ಕಾಗದದಲ್ಲಿ ಬರೆಸಿಕೊಳ್ಳಿ. ಹೊರಗಿನ ಬಣ್ಣ ಅವರಿಷ್ಟ. ಒಳಗಿನ ಪ್ರೈಮರ್ ಮುಟ್ಟುವುದು ಬೇಡ ಅನ್ನಿ. ಅದು ಜಿಂಕ್ ಕ್ರೋಮೇಟ್. ಉಜ್ಜಿದರೆ ಏಳುವ ಪುಡಿ ವಿಷ, ಕ್ಯಾನ್ಸರ್ ತರುವಂಥದ್ದು. ಈ ಕಾರಣ ಹೇಳಿದರೆ ಬೇಗ ಒಪ್ಪುತ್ತಾರೆ.

ನಮ್ಮ ಶಾಪ್‌ನಲ್ಲಿ ಪೆನ್ಸಿಲ್ ಹಿಡಿದರೆ ಬೈಗುಳ ಬೀಳುತ್ತಿತ್ತು. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಬರಿ ಅಲ್ಯುಮಿನಿಯಂ ಮೇಲೆ ಕೂತು ತೇವ ಸೇರಿದರೆ ಲೋಹವನ್ನೇ ತಿನ್ನುತ್ತದೆ. ನಿಮ್ಮದು ಪ್ರೈಮರ್ ಮೇಲಿದೆ, ಅದಕ್ಕೇ ಅಷ್ಟು ಚೆನ್ನಾಗಿ ಉಳಿದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಲು ಯಾರಿಗೂ ಬಿಡಬೇಡಿ. ಮೆತ್ತನೆ ಬ್ರಶ್ ಸಾಕು. ಪಕ್ಕದಲ್ಲಿ ಸ್ಕೇಲ್ ಇಟ್ಟು, ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ.

ಇನ್ನು ಹಡಗಿನ ವಿಷಯ. ಡಕೋಟಾ ಉದ್ದ ಸುಮಾರು 19 ಮೀಟರ್, 40 ಅಡಿ ಕಂಟೇನರ್ 12 ಮೀಟರ್. ಹೊರರೆಕ್ಕೆಗಳು ನೂರಾರು ಬೋಲ್ಟ್ ಬಿಚ್ಚಿದರೆ ಬರುತ್ತವೆ, ಆದರೆ ದೇಹ ಕಂಟೇನರ್‌ನಲ್ಲಿ ಹಿಡಿಸುವುದಿಲ್ಲ. ತೆರೆದ ಜಾಗದಲ್ಲೇ ಹೋಗಬೇಕು, ಉಪ್ಪುಗಾಳಿ ತಪ್ಪಿದ್ದಲ್ಲ. ಪ್ಲಾಸ್ಟಿಕ್ ಸುತ್ತಿದರೆ ಆಯ್ತು ಅಂದುಕೊಳ್ಳುತ್ತಾರೆ. ಒಳಗೆ ತೇವ ಉಳಿದರೆ ಅದೇ ಜಾಸ್ತಿ ಅಪಾಯ. ಮೊದಲು ಹಕ್ಕಿಗೂಡು, ಮಣ್ಣು ತೆಗೆದು ಹೊಟ್ಟೆಯ ಕೆಳಗಿನ ನೀರು ಹೋಗುವ ತೂತುಗಳನ್ನು ಬಿಡಿಸಬೇಕು. ಒಣಗಿದ ಮೇಲೆ ಸಿಲಿಕಾ ಜೆಲ್ ಚೀಲ ಇಟ್ಟು ಸುತ್ತಬೇಕು. ಬಾಲ, ರೆಕ್ಕೆಗಳಲ್ಲಿ ವಿಮಾನ ತಿರುಗಿಸಲು ಅಲ್ಲಾಡುವ ಭಾಗಗಳು, ಅಂದರೆ ರಡ್ಡರ್, ಎಲಿವೇಟರ್, ಏಲೆರಾನ್, ಬಟ್ಟೆ ಹೊದಿಸಿದವು, ಅವು ಬೇರೆ ಪೆಟ್ಟಿಗೆಯಲ್ಲಿ ಹೋಗಲಿ. ಡಯಲ್‌ಗಳ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರಬಹುದು, ಕೆರೆಯಬೇಡಿ ಅಂತ ಹುಡುಗನಿಗೆ ಹೇಳಿ.

ಜಕ್ಕೂರಿನವ:
ಮೇಡಂ, ಬಿಡಬೇಡಿ. ಕಾನ್ಪುರದಲ್ಲಿ ಬ್ರಿಟಿಷರು ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಎಚ್‌ಎಎಲ್ ಪೈಲಟ್ ಜಮ್‌ಷೆಡ್ ಮುನ್ಷಿ ಬೆಂಗಳೂರಿಗೆ ಹಾರಿಸಿ ತಂದರು, ಎಚ್‌ಎಎಲ್‌ನವರು ಹೊಸದರಂತೆ ಮಾಡಿ ನಮ್ಮ ವಾಯುಪಡೆಗೆ ಕೊಟ್ಟರು. ಅದರಲ್ಲೊಂದು ಈಗ ಅಮೆರಿಕದ ಪೀಮಾ ಮ್ಯೂಸಿಯಂನಲ್ಲಿದೆ, ಮೈಮೇಲೆ ಅಮೆರಿಕದ ಗುರುತು. ನೋಡಿದವರಿಗೆ ಬೆಂಗಳೂರಿನ ಕೈ ಕಾಣುವುದೇ ಇಲ್ಲ. ಪಕ್ಕದ ಫಲಕದಲ್ಲಿ ಎರಡು ಸಾಲಾದರೂ ನಿಮ್ಮಪ್ಪನಂಥವರ ಬಗ್ಗೆ ಇರಲಿ ಅಂತ ಕೇಳಿ.

ವಿಮಾನಪುರದ ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಫೋಟೊ ತೆಗೆದುಕೊಂಡು ಬಂದೆ. ರಾತ್ರಿ ಅಪ್ಪನ ಹಾಲಿನ ಲೆಕ್ಕದ ಪುಸ್ತಕ ತೆಗೆದು ಹೋಲಿಸಿದೆ. ಅಪ್ಪನ ೬ಕ್ಕೆ ಬಾಲ ಉದ್ದ. ಅಲ್ಲಿರುವುದು ಮೋಟು. ಅವರದ್ದಲ್ಲ. ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಇನ್ಯಾರದ್ದೋ. ಸೋಮವಾರ ಪತ್ರ ಕಳಿಸುತ್ತಿದ್ದೇನೆ, ಫಲಕದ ಮಾತನ್ನೂ ಸೇರಿಸಿದ್ದೇನೆ.