ಬ್ರಾಸ್ ಬ್ಯಾಂಡ್, ವಿಂಡ್ ಬ್ಯಾಂಡ್: ಎರಡಕ್ಕೂ ಬೇರೆ ಬೇರೆ ಪದ ಬೇಕು (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಸಂಗೀತ ರಚನಕಾರ ಫಿಲಿಪ್ ಸ್ಪಾರ್ಕ್ ಬಗ್ಗೆ ಒಂದು ಪುಟದ ಪರಿಚಯ ಕನ್ನಡಕ್ಕೆ ತರುತ್ತಿದ್ದೇನೆ. 1951ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಅಲ್ಲಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತವರು. ಅವರು ಬರೆದಿದ್ದೆಲ್ಲ ಹೆಚ್ಚಾಗಿ ಬ್ಯಾಂಡುಗಳಿಗೇ. ನಾನು ಸಿಕ್ಕಿಕೊಂಡಿರುವುದು ಒಂದೇ ವಾಕ್ಯದಲ್ಲಿ. 'ಮ್ಯೂಸಿಕ್ ಆಫ್ ದ ಸ್ಫಿಯರ್ಸ್' ಕೃತಿಯನ್ನು ಅವರು 2004ರಲ್ಲಿ ಬ್ರಾಸ್ ಬ್ಯಾಂಡಿಗೆ ಬರೆದರು, ಆಮೇಲೆ ಅದನ್ನೇ ವಿಂಡ್ ಬ್ಯಾಂಡಿಗೆ ಹೊಂದಿಸಿದರು. ನನ್ನ ಕರಡಿನಲ್ಲಿ ಅದು 'ವಾದ್ಯವೃಂದಕ್ಕೆ ಬರೆದರು, ಆಮೇಲೆ ವಾದ್ಯವೃಂದಕ್ಕೆ ಹೊಂದಿಸಿದರು' ಅಂತ ಆಗಿದೆ. ಓದಿದವರಿಗೆ ಏನು ತಿಳಿಯಬೇಕು?

ಬ್ರಾಸ್ ಬ್ಯಾಂಡಿನಲ್ಲಿ ಕಾರ್ನೆಟ್, ಟ್ರಾಂಬೋನ್, ಯೂಫೋನಿಯಂ, ಟ್ಯೂಬಾ, ಜೊತೆಗೆ ಡ್ರಮ್ಮು. ಸುಮಾರು 25ರಿಂದ 28 ಜನ. ವಿಂಡ್ ಬ್ಯಾಂಡಿನಲ್ಲಿ ಇಂಥವುಗಳ ಜೊತೆ ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್ ಕೂಡ ಇರುತ್ತವೆ. 'ಹಿತ್ತಾಳೆ ಬ್ಯಾಂಡ್' ಅಂದರೆ ನಡೆಯುತ್ತಾ? ನಾಳೆ ಸಂಜೆ ಪುಟ ಅಚ್ಚಿಗೆ ಹೋಗುತ್ತದೆ.

(ಬೆಂಗಳೂರು)

----

ಹಿತ್ತಾಳೆ ಬೇಡ. 'ಹಿತ್ತಾಳೆ ಕಿವಿ' ಅನ್ನುವ ಮಾತು ಇರುವ ಭಾಷೆ ನಮ್ಮದು. ಸಂಗೀತದ ಪಕ್ಕ ಹಿತ್ತಾಳೆ ಇಟ್ಟರೆ ಓದುವವರಿಗೆ ಚಾಡಿಮಾತೇ ನೆನಪಾಗುತ್ತದೆ.

ವಿಂಡ್ ಬ್ಯಾಂಡಿಗೆ ನಮ್ಮಲ್ಲಿ ಪದ ಇದ್ದೇ ಇದೆ: ಓಲಗ. ಮೊದಲು ಅರಸನ ಸಭೆ, ಆಮೇಲೆ ಸಭೆಯ ಸೇವೆ, ಆಮೇಲೆ ಆ ಸೇವೆಯಲ್ಲಿ ಊದುವ ವಾದ್ಯ. ಒಡ್ಡೋಲಗ, ಓಲೈಸು ಎಲ್ಲ ಒಂದೇ ಮನೆಯವು. ಇಷ್ಟು ದೊಡ್ಡ ಪದವನ್ನು ಮದುವೆ ಮಂಟಪಕ್ಕೆ ಬಿಟ್ಟುಕೊಟ್ಟು ಸುಮ್ನೆ ಕೂತಿದ್ದೇವೆ. 'ಊದು' ಕೂಡ ಅಚ್ಚಗನ್ನಡ. ಊದುಗೊಳವೆ, ಊದುಬತ್ತಿ ಎಲ್ಲ ಅದೇ ಬೇರಿನವು.

(ಸಾಗರ)

----

ಊದುಬತ್ತಿ ಆ ಬೇರಿನದಲ್ಲ. ಅದು ಅರಬ್ಬಿಯ 'ಊದ್', ಸುವಾಸನೆಯ ಮರ. ಆ ಹೆಸರಿನ ವಾದ್ಯವೂ ಅರಬ್ಬರಲ್ಲಿ ಇದೆ, ಆದರೆ ಅದು ತಂತಿಯದು. ನಿಘಂಟು ತೆಗೆದು ನೋಡಿ ಬರೆಯಿರಿ.

ಓಲಗ ಅಂದರೆ ಜನಕ್ಕೆ ನಾಗಸ್ವರ, ಡೋಲು. ಕ್ಲಾರಿನೆಟ್ ನೆನಪಾಗುವುದಿಲ್ಲ. ಮೈಸೂರಿನ ಪೊಲೀಸ್ ಬ್ಯಾಂಡಿನವರು 'ಕರ್ನಾಟಕ ವಾದ್ಯವೃಂದ', 'ಆಂಗ್ಲ ವಾದ್ಯವೃಂದ' ಅಂತ ಎರಡು ಹೆಸರು ಬಳಸುತ್ತಾರೆ. ಆದರೆ ಅದು ಸಂಗೀತದ ಪದ್ಧತಿ ನೋಡಿ ಇಟ್ಟ ಹೆಸರು, ನಿಮ್ಮ ಕೆಲಸಕ್ಕೆ ಬರುವುದಿಲ್ಲ. ವಾದ್ಯಗಳನ್ನು ತತ (ತಂತಿಯವು), ಸುಷಿರ (ಊದುವವು), ಅವನದ್ಧ (ಚರ್ಮದವು), ಘನ (ತಾಳದಂಥವು) ಅನ್ನುವ ಹಳೆಯ ವಿಂಗಡಣೆ ಇದೆಯಲ್ಲ, ಅಲ್ಲಿಂದ 'ಸುಷಿರ ವಾದ್ಯವೃಂದ' ತೆಗೆದುಕೊಳ್ಳಿ. 'ಊದುವಾದ್ಯ' ಬೇಡವೇ ಬೇಡ. ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ.

(ಮೈಸೂರು)

----

ಸಾರ್, ಅರಿಸಮಾಸದ ದೋಷ ಗಮಕಸಮಾಸಕ್ಕೆ (ಇಲ್ಲಿನಂತೆ ಕ್ರಿಯೆಯ ಪದ ನಾಮಪದದ ಜೊತೆ ಸೇರುವುದಕ್ಕೆ) ತಾಗುವುದಿಲ್ಲ. ಸುಡುಗಾಡು ಹೇಗೋ ಊದುವಾದ್ಯವೂ ಹಾಗೆ.

(ಧಾರವಾಡ)

----

ನಾನು ಚರ್ಚಿನ ಹಬ್ಬಗಳಲ್ಲಿ ಬ್ಯಾಂಡ್ ನುಡಿಸುವವನು. ಒಂದು ಮಾತು ಹೇಳಲೇಬೇಕು.

ಹಿತ್ತಾಳೆ, ಮರ ಅಂತ ಹೋದರೆ ದಾರಿ ತಪ್ಪುತ್ತೀರಿ. ಸ್ಯಾಕ್ಸೋಫೋನಿನ ಮೈಯೆಲ್ಲ ಹಿತ್ತಾಳೆ, ಆದರೆ ಅದು ಬ್ರಾಸ್ ಗುಂಪಿನದಲ್ಲ, ಯಾಕೆಂದರೆ ಅಲ್ಲಿ ನಡುಗುವುದು ರೀಡ್, ಅಂದರೆ ಬಾಯಿಗಿಡುವ ಕಡೆಯ ತೆಳು ಪಟ್ಟಿ. ಕಾರ್ನೆಟ್‌ನಲ್ಲಿ ನಡುಗುವುದು ನಮ್ಮ ತುಟಿ. ಬರೀ ಗಾಳಿ ಬಿಟ್ಟರೆ ಫುಸ್ ಅನ್ನುತ್ತದೆ ಅಷ್ಟೆ. ತುಟಿ ಬಿಗಿಹಿಡಿದು, ವಾದ್ಯದ ಬಟ್ಟಲಿನಂಥ ಬಾಯಿಗೆ ಒತ್ತಿ 'ಬ್ರ್‌ರ್' ಅನ್ನಿಸಬೇಕು. ಒಂದು ಗಂಟೆ ಮೆರವಣಿಗೆ ಮುಗಿಸಿದ ಮೇಲೆ ತುಟಿಯೇ ಊದಿಕೊಂಡಿರುತ್ತದೆ. ನಮ್ಮ ಕೊಂಬು, ಕಹಳೆಗೂ ಇದೇ ಲೆಕ್ಕ. ನಾಗಸ್ವರ ರೀಡಿನದು, ಅದು ಆ ಕಡೆಯ ಗುಂಪು.

ಸ್ಪಾರ್ಕ್ ಅವರದೇ 'ಡ್ಯಾನ್ಸ್ ಮೂವ್‌ಮೆಂಟ್ಸ್' ನೋಡಿ. ಅಮೆರಿಕದ ವಾಯುಪಡೆಯ ಬ್ಯಾಂಡಿಗೆ ಬರೆದದ್ದು, 1997ರಲ್ಲಿ ಬ್ಯಾಂಡ್ ಕೃತಿಗಳಿಗೆ ಕೊಡುವ ಸಡ್ಲರ್ ಪ್ರಶಸ್ತಿ ಬಂತು. ಅದರ ಎರಡನೇ ಭಾಗ ವುಡ್‌ವಿಂಡಿನದು (ಕೊಳಲು, ಕ್ಲಾರಿನೆಟ್‌ಗಳ ಗುಂಪು), ಮೂರನೆಯದು ಬ್ರಾಸಿನದು. 'ಮರದ ವಾದ್ಯಗಳ ಭಾಗ' ಅಂತ ಅನುವಾದ ಮಾಡಿದಿರಿ ಅಂತಿಟ್ಟುಕೊಳ್ಳಿ. ವೇದಿಕೆಯಲ್ಲಿ ಕೂತವರ ಕೈಯಲ್ಲಿ ಬೆಳ್ಳಿಯ ಬಣ್ಣದ ಕೊಳಲು ಕಾಣುತ್ತದೆ!

ನಾವಂತೂ 'ಬ್ಯಾಂಡ್‌ಸೆಟ್' ಅನ್ನುತ್ತೇವೆ. 'ಬ್ರಾಸ್ ಬ್ಯಾಂಡ್' ಹಾಗೇ ಇರಲಿ.

(ಮಂಗಳೂರು)

----

> 'ಬ್ರಾಸ್ ಬ್ಯಾಂಡ್' ಹಾಗೇ ಇರಲಿ

ಎಲ್ಲವೂ ಹಾಗೇ ಇರಲಿ ಅನ್ನುವುದಾದರೆ ಆ ತಂಗಿ ಅನುವಾದ ಮಾಡುವುದೇಕೆ? ಬಸ್ಸು ಬಂತು, ಸರಿ. ನಮ್ಮಲ್ಲಿ ಬಸ್ಸಿರಲಿಲ್ಲ. ಊದುವುದು ನಮ್ಮಲ್ಲಿ ಇರಲಿಲ್ಲವೇ? ಸಂಸ್ಕೃತದಿಂದ ತಂದರೆ ಘನತೆ, ಇಂಗ್ಲಿಷಿನಿಂದ ತಂದರೆ ಅನುಕೂಲ, ಕನ್ನಡದ್ದಾದರೆ ಮಾತ್ರ ನೂರು ಕೊಂಕು. ನಮ್ಮ ಈ ಚರ್ಚೆಯ ಪಟ್ಟಿಯಲ್ಲಿ ಇದನ್ನು ಜಾಸ್ತಿ ಸಲ ನೋಡಿದ್ದೇನೆ. ನೋವಾಗುತ್ತದೆ.

(ಸಾಗರ)

----

ಹಿರಿಯರು ಬೇಸರ ಮಾಡಿಕೊಳ್ಳಬಾರದು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತವರು. ಅವರ ತಂದೆ ನಾಗಸ್ವರದವರು. ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ವಾದ್ಯವನ್ನು ನಮ್ಮದು ಮಾಡಿಕೊಟ್ಟರು, ಹೆಸರು ಬದಲಾಯಿಸಲಿಲ್ಲ. ಇವತ್ತು ನಮ್ಮ ಕಡೆ ದೇವಸ್ಥಾನದ ಉತ್ಸವಗಳಲ್ಲೂ ಸ್ಯಾಕ್ಸೋಫೋನ್ ಇದೆ. ಅದು ಪರದೇಶದ ಪದ ಅಂತ ಯಾರಿಗೂ ಅನ್ನಿಸುವುದಿಲ್ಲ.

(ಮಂಗಳೂರು)

----

ಎಲ್ಲರಿಗೂ ಧನ್ಯವಾದ. ಹೀಗೆ ಬರೆದು ಕಳಿಸುತ್ತಿದ್ದೇನೆ:

'2004ರಲ್ಲಿ ಬ್ರಾಸ್ ಬ್ಯಾಂಡಿಗೆ, ಅಂದರೆ ಕೊಂಬು ಕಹಳೆಗಳ ಹಾಗೆ ತುಟಿಯಿಂದ ನುಡಿಸುವ ಲೋಹದ ವಾದ್ಯಗಳ ತಂಡಕ್ಕೆ ಬರೆದ ಈ ಕೃತಿಯನ್ನು, ಆಮೇಲೆ ಕೊಳಲು, ಕ್ಲಾರಿನೆಟ್‌ಗಳೂ ಸೇರಿದ ಊದುವಾದ್ಯ ಬ್ಯಾಂಡಿಗೆ ಹೊಂದಿಸಿದರು.'

ಉದ್ದವಾಯಿತು, ಆದರೆ ತಿಳಿಯುತ್ತದೆ. 'ಸುಷಿರ' ಬಿಟ್ಟೆ ಸಾರ್, ನಮ್ಮ ಓದುಗರು ಹೈಸ್ಕೂಲ್ ಮಕ್ಕಳು.

ಇನ್ನೊಂದು ಉಳಿದಿದೆ. 1984ರಲ್ಲಿ ವೇಲ್ಸಿನ ಕೋರಿ ಬ್ಯಾಂಡಿನ ನೂರನೇ ವರ್ಷಕ್ಕೆ ಬರೆದ 'ದ ಇಯರ್ ಆಫ್ ದ ಡ್ರ್ಯಾಗನ್'. 'ಡ್ರ್ಯಾಗನ್ ವರ್ಷ' ಅಂದರೆ ಚೀನಾದ ಪಂಚಾಂಗ ಅಂದುಕೊಳ್ಳುತ್ತಾರೆ. ಇದು ವೇಲ್ಸಿನ ಬಾವುಟದ ಕೆಂಪು ಡ್ರ್ಯಾಗನ್. ಏನು ಮಾಡಲಿ?

(ಬೆಂಗಳೂರು)

----

ಹೆಸರು ಹಾಗೇ ಬಿಟ್ಟು, ಪಕ್ಕದಲ್ಲಿ ಬಾವುಟದ ಮಾತು ಅರ್ಧ ಸಾಲು ಬರೆಯಿರಿ. 'ಊದುವಾದ್ಯ' ಒಂದೇ ಪದವಾಗಿ ಅಚ್ಚಾಗಲಿ, ನಡುವೆ ಜಾಗ ಬಿಡಬೇಡಿ.

(ಧಾರವಾಡ)

----

ಓಲಗ ಬಿಟ್ಟದ್ದು ಸರಿಯಲ್ಲ.

(ಸಾಗರ)